ದನಿ ಒಡೆಯುವ ವಯಸ್ಸಿನಲ್ಲಿ ಗಂಟಲೊಳಗೆ ನಡೆಯುವುದೇನು?

ಹೋದ ವರ್ಷ ತಾರಸ್ಥಾಯಿಯಲ್ಲಿ ಆಟವಾಡಿದಂತೆ ಓಡಾಡುತ್ತಿದ್ದ ಹದಿಮೂರರ ಹುಡುಗ ಈ ವರ್ಷ ಮೇಲಿನ ಷಡ್ಜದ ಹತ್ತಿರವೇ ತಡವರಿಸುತ್ತಾನೆ. ಹಾಡುತ್ತಿರುವಾಗಲೇ ದನಿ ಜಾರಿ ಕೆಳಗೆ ಬೀಳುತ್ತದೆ, ಮರುಕ್ಷಣ ಕೀರಲಾಗಿ ಮೇಲಕ್ಕೆ ಹಾರುತ್ತದೆ. ಕೇಳುವವರಿಗೆ ನಗು, ಹಾಡುವವನಿಗೆ ಅಳು. ಅವನಿಗಿಂತ ತುಸು ದೊಡ್ಡವಳಾದ ಅಕ್ಕನ ತೊಂದರೆ ಇನ್ನೊಂದು ಬಗೆಯದು. ದನಿ ಒಡೆದಿಲ್ಲ, ಆದರೆ ಮೊದಲಿನ ಹೊಳಪು ಕಾಣೆಯಾಗಿ ಪ್ರತಿ ಸ್ವರದ ಜೊತೆಗೂ ಗಾಳಿ ಸೋರಿದಂತೆ ಕೇಳಿಸುತ್ತದೆ. ಮನೆಯವರು ಮೊದಲು ಶೀತ ಎನ್ನುತ್ತಾರೆ, ಆಮೇಲೆ ಅಭ್ಯಾಸ ಸಾಲದು ಎನ್ನುತ್ತಾರೆ, ಕೊನೆಗೆ ‘ಕಂಠ ಕೆಟ್ಟಿತು’ ಎಂದು ಕೈಚೆಲ್ಲುತ್ತಾರೆ.

ಸಾಮಾನ್ಯವಾಗಿ ಈ ಮೂರೂ ಕಾರಣಗಳಲ್ಲ. ‘ಒಡೆಯುವುದು’ ಎಂಬ ಮಾತೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಕನ್ನಡದಲ್ಲಿ ಮಡಕೆಯೂ ಒಡೆಯುತ್ತದೆ, ಮೊಳಕೆಯೂ ಒಡೆಯುತ್ತದೆ. ದನಿಯ ವಿಷಯಕ್ಕೆ ಬಂದಾಗ ನಮಗೆ ಥಟ್ಟನೆ ನೆನಪಾಗುವುದು ಮಡಕೆ. ಗಂಟಲೊಳಗೆ ಇಣುಕಿ ನೋಡಿದವರು ಹೇಳುವುದು ಎರಡನೆಯದನ್ನು.

ದನಿ ಹುಟ್ಟುವುದು ಹೇಗೆ?

ಉಬ್ಬಿದ ಬಲೂನಿನ ಬಾಯನ್ನು ಎರಡೂ ಕೈಗಳಿಂದ ಅಗಲಕ್ಕೆ ಎಳೆದು ಹಿಡಿದರೆ ಕುಂಯ್ಯೆಂದು ಸದ್ದು ಬರುತ್ತದೆ. ಹೊರಗೆ ನುಗ್ಗುವ ಗಾಳಿ ರಬ್ಬರಿನ ಎರಡು ಅಂಚುಗಳನ್ನು ಅದುರಿಸುತ್ತದೆ, ಆ ಅದುರುವಿಕೆಯೇ ನಮ್ಮ ಕಿವಿಗೆ ಸದ್ದು. ಇನ್ನಷ್ಟು ಬಿಗಿಯಾಗಿ ಎಳೆದರೆ ಸದ್ದು ಕೀರಲಾಗುತ್ತದೆ, ಸಡಿಲ ಬಿಟ್ಟರೆ ದಪ್ಪವಾಗುತ್ತದೆ.

ನಮ್ಮ ಗಂಟಲಿನಲ್ಲಿಯೂ ಇದೇ ಏರ್ಪಾಡು. ಶ್ವಾಸನಾಳದ ಮೇಲ್ತುದಿಯಲ್ಲಿ ಮೃದ್ವಸ್ಥಿಗಳಿಂದಾದ ಒಂದು ಪೆಟ್ಟಿಗೆ ಇದೆ. ಅದೇ ಧ್ವನಿಪೆಟ್ಟಿಗೆ. ಅದರೊಳಗೆ ಮುಂದಿನಿಂದ ಹಿಂದಕ್ಕೆ ಚಾಚಿಕೊಂಡಿರುವ ಎರಡು ಮೆತ್ತನೆಯ ಮಡಿಕೆಗಳೇ ಧ್ವನಿತಂತುಗಳು. ತಂತು ಎಂಬ ಹೆಸರು ಕೇಳಿ ವೀಣೆಯ ತಂತಿಯನ್ನು ಊಹಿಸಿಕೊಳ್ಳಬಾರದು. ಸ್ನಾಯುವಿನ ಮೇಲೆ ಜೆಲ್ಲಿಯಂಥ ಪದರ, ಅದರ ಮೇಲೆ ತೆಳ್ಳನೆಯ ಚರ್ಮ ಹೊದೆಸಿದಂತಿರುವ ರಚನೆ ಅದು. ಉಸಿರಾಡುವಾಗ ಎರಡೂ ದೂರ ಸರಿದು ಗಾಳಿಗೆ ದಾರಿ ಬಿಡುತ್ತವೆ. ಹಾಡುವಾಗ ಹತ್ತಿರ ಬಂದು, ಕೆಳಗಿನಿಂದ ಒತ್ತುವ ಗಾಳಿಗೆ ಒಂದಕ್ಕೊಂದು ತಾಗಿ ಬಿಡಿಸಿಕೊಳ್ಳುತ್ತವೆ. ಒಂದು ಸೆಕೆಂಡಿಗೆ ನೂರಾರು ಬಾರಿ!

ಹೀಗೆ ಸೆಕೆಂಡಿಗೆ ಎಷ್ಟು ಬಾರಿ ತಾಗುತ್ತವೆ ಎಂಬ ಲೆಕ್ಕವೇ ಆವರ್ತನ. ಅದರ ಅಳತೆ ಹರ್ಟ್ಸ್. ಮಕ್ಕಳು ಮಾತಾಡುವ ದನಿ ಸುಮಾರು 250ರಿಂದ 300 ಹರ್ಟ್ಸ್ ಇರುತ್ತದೆ, ವಯಸ್ಕ ಹೆಂಗಸರದು 200ರ ಆಸುಪಾಸು, ಗಂಡಸರದು 100ರಿಂದ 130. ಸಂಗೀತದ ಲೆಕ್ಕದಲ್ಲಿ ಆವರ್ತನ ಅರ್ಧಕ್ಕಿಳಿದರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಮೇಲಿನ ‘ಸ’ದಿಂದ ಕೆಳಗಿನ ‘ಸ’ಕ್ಕೆ. ಒಂದು ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನಗಳಿವೆ. ಈ ಹನ್ನೆರಡು ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಧ್ವನಿಪೆಟ್ಟಿಗೆಯಿಂದ ಹೊರಡುವ ಸದ್ದು ಬರಿಯ ಗುಂಯ್‌ಗುಟ್ಟುವಿಕೆ ಅಷ್ಟೇ. ಗಂಟಲು, ಬಾಯಿ, ಮೂಗುಗಳ ಪೊಳ್ಳಿನಲ್ಲಿ ಅನುರಣಿಸಿದ ಮೇಲೆಯೇ ಅದಕ್ಕೆ ‘ಇದು ಇಂಥವರ ದನಿ’ ಎಂಬ ಗುರುತು ಸಿಗುವುದು. ಒಳ್ಳೆಯ ಹಾಡುಗಾರರ ದನಿಯನ್ನು ‘ಶಾರೀರ’ ಎಂದು ಕರೆಯುತ್ತೇವೆ. ಶರೀರದಿಂದಲೇ ಹುಟ್ಟಿದ ಈ ಪದ ವಿಷಯವನ್ನು ಆಗಲೇ ಹೇಳಿಬಿಟ್ಟಿದೆ. ಶರೀರ ಬದಲಾದಾಗ ಶಾರೀರ ಸುಮ್ಮನಿರಲಾರದು.

ಹುಡುಗರಲ್ಲಿ ಆಗುವುದು

ಹತ್ತು ವರ್ಷದವರೆಗೆ ಹುಡುಗ ಹುಡುಗಿಯರ ಧ್ವನಿಪೆಟ್ಟಿಗೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಫೋನಿನಲ್ಲಿ ಮಾತಾಡಿದ್ದು ಮಗನೋ ಮಗಳೋ ಎಂದು ಗೊಂದಲವಾಗುವುದು ಇದರಿಂದಲೇ. ಹನ್ನೆರಡರಿಂದ ಹದಿನಾಲ್ಕರ ನಡುವೆ, ಸಾಮಾನ್ಯವಾಗಿ ಎತ್ತರ ಸರಸರನೆ ಏರುವ ಅದೇ ದಿನಗಳಲ್ಲಿ, ಹುಡುಗರ ರಕ್ತದಲ್ಲಿ ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನು ಏರುತ್ತದೆ. ಮೀಸೆ ಚಿಗುರಿಸುವ ಈ ಹಾರ್ಮೋನಿಗೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಮತ್ತು ಸ್ನಾಯುಗಳೂ ಓಗೊಡುತ್ತವೆ.

ಪೆಟ್ಟಿಗೆ ಎಲ್ಲ ದಿಕ್ಕಿಗೂ ದೊಡ್ಡದಾಗುತ್ತದೆ, ಅದರಲ್ಲಿಯೂ ಮುಂದಕ್ಕೆ ಹೆಚ್ಚು. ಅದರ ಮುಂಭಾಗದಲ್ಲಿ ತೆರೆದ ಪುಸ್ತಕದಂತೆ ನಿಂತಿರುವ ಮೃದ್ವಸ್ಥಿಯ ಎರಡು ಹಾಳೆಗಳು ಗಂಡಸರಲ್ಲಿ ಸುಮಾರು 90 ಡಿಗ್ರಿ ಕೋನದಲ್ಲಿ ಸೇರುತ್ತವೆ, ಹೆಂಗಸರಲ್ಲಿ ಸುಮಾರು 120 ಡಿಗ್ರಿಯಲ್ಲಿ. ಚೂಪಾದ ಆ ಕೋನವೇ ಗಂಡಸರ ಕತ್ತಿನ ಮುಂದೆ ಉಬ್ಬಿ ಕಾಣುವ ಗಂಟು. ಪೆಟ್ಟಿಗೆ ಮುಂದಕ್ಕೆ ಬೆಳೆದರೆ ಅದರೊಳಗೆ ಚಾಚಿಕೊಂಡಿರುವ ತಂತುಗಳೂ ಉದ್ದವಾಗಲೇಬೇಕು. ಅವುಗಳ ಅದುರುವ ಭಾಗ ಹುಡುಗರಲ್ಲಿ ಶೇಕಡ 60ರಷ್ಟು ಬೆಳೆಯುತ್ತದೆ ಎಂದು ಅಳೆದವರು ಹೇಳುತ್ತಾರೆ. ಹುಡುಗಿಯರಲ್ಲಿ ಇದರ ಅರ್ಧಕ್ಕಿಂತ ತುಸು ಹೆಚ್ಚು. ಬೆಳವಣಿಗೆಯೆಲ್ಲ ಮುಗಿದ ಮೇಲೆ ಗಂಡಸಿನ ಧ್ವನಿತಂತು 17ರಿಂದ 25 ಮಿಲಿಮೀಟರ್ ಇರುತ್ತದೆ, ಹೆಂಗಸಿನದು 12ರಿಂದ 17. ಹೆಬ್ಬೆರಳಿನ ಉಗುರನ್ನು ನೋಡಿಕೊಳ್ಳಿ, ಹೆಚ್ಚುಕಡಿಮೆ ಅಷ್ಟೇ. ಮಾತು, ಹಾಡು, ಜಗಳ, ಜೋಗುಳಗಳೆಲ್ಲ ಹುಟ್ಟುವುದು ಅಷ್ಟು ಚಿಕ್ಕ ಜಾಗದಲ್ಲಿ.

ಈಗ ಆ ಹನ್ನೆರಡರ ಲೆಕ್ಕ. ಹುಡುಗರ ದನಿ ಸರಿಸುಮಾರು ಒಂದು ಸ್ಥಾಯಿಯಷ್ಟು, ಅಂದರೆ ಹನ್ನೆರಡು ಸ್ವರಸ್ಥಾನ ಇಳಿಯುತ್ತದೆ. ತಂತಿ ಶೇಕಡ 60ರಷ್ಟು ಉದ್ದವಾದರೆ ಅದರ ಸ್ವರ ಎಂಟು ಸ್ವರಸ್ಥಾನ ಇಳಿಯಬೇಕೆಂದು ಗಣಿತ ಹೇಳುತ್ತದೆ. ಉಳಿದ ನಾಲ್ಕು ಎಲ್ಲಿಂದ ಬಂದವು? ತಂತುಗಳು ಉದ್ದವಾಗುವುದರ ಜೊತೆಗೆ ದಪ್ಪವೂ ಆಗುತ್ತವೆ, ಒಳಗಿನ ಸ್ನಾಯು ಹುರಿಗೊಳ್ಳುತ್ತದೆ. ಒಂದೇ ಉದ್ದದ ತಂತಿಗಳಲ್ಲಿ ದಪ್ಪನೆಯದು ತಗ್ಗು ಸ್ವರ ಹೊರಡಿಸುವುದನ್ನು ತಂತಿವಾದ್ಯ ನುಡಿಸುವವರೆಲ್ಲ ಬಲ್ಲರು. ಇದರ ಮೇಲೆ ಧ್ವನಿಪೆಟ್ಟಿಗೆಯೇ ಕತ್ತಿನಲ್ಲಿ ತುಸು ಕೆಳಕ್ಕೆ ಇಳಿಯುವುದರಿಂದ ಗಂಟಲಿನ ಪೊಳ್ಳು ಉದ್ದವಾಗಿ, ದನಿಗೆ ಕೊಡದೊಳಗಿಂದ ಬಂದಂಥ ಗಾಂಭೀರ್ಯ ಸೇರಿಕೊಳ್ಳುತ್ತದೆ.

ಇದೆಲ್ಲ ಹಾರ್ಮೋನಿನದೇ ಕೆಲಸವೆಂಬುದಕ್ಕೆ ಚರಿತ್ರೆಯಲ್ಲಿ ಒಂದು ಕ್ರೂರ ಸಾಕ್ಷಿ ಇದೆ. ಇಟಲಿಯಲ್ಲಿ ಶತಮಾನಗಳ ಕಾಲ ಒಳ್ಳೆಯ ಕಂಠದ ಹುಡುಗರ ವೃಷಣಗಳನ್ನು ಬಾಲ್ಯದಲ್ಲಿಯೇ ತೆಗೆಸಿ ಅವರ ದನಿ ಇಳಿಯದಂತೆ ಮಾಡುತ್ತಿದ್ದರು. ಎದೆಗೂಡು, ಶ್ವಾಸಕೋಶಗಳು ದೊಡ್ಡವರಷ್ಟು ಬೆಳೆದರೂ ಧ್ವನಿಪೆಟ್ಟಿಗೆ ಚಿಕ್ಕದಾಗಿಯೇ ಉಳಿಯುತ್ತಿತ್ತು. ಅಂಥವರಲ್ಲಿ ಕೊನೆಯವನೆಂದು ಹೆಸರಾದ ಅಲೆಸ್ಸಾಂಡ್ರೊ ಮೊರೆಸ್ಕಿ ತೀರಿಕೊಂಡದ್ದು 1922ರಲ್ಲಿ. ಅವನ ದನಿಯ ಧ್ವನಿಮುದ್ರಣಗಳು ಇಂದಿಗೂ ಕೇಳಸಿಗುತ್ತವೆ. ಕೇಳುವುದು ಸುಲಭವಲ್ಲ.

ಹಾಡುವಾಗ ದನಿ ಜಾರುವುದೇಕೆ?

ದನಿ ನಿಧಾನಕ್ಕೆ ಇಳಿದು ಸುಮ್ಮನಾಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಪೇಚಿಗೆ ಸಿಕ್ಕಿಸುವುದು ಆ ಜಾರುವಿಕೆ.

ಸ್ವರ ಏರಿಸಲು ಇಳಿಸಲು ಮುಖ್ಯವಾಗಿ ಎರಡು ಸ್ನಾಯುಗಳು ಕೆಲಸ ಮಾಡುತ್ತವೆ. ಒಂದು ತಂತುವಿನ ಒಳಗೇ ಇದ್ದು ಅದನ್ನು ಗಿಡ್ಡ ಮಾಡಿ ದಪ್ಪವಾಗಿಸುತ್ತದೆ. ಇನ್ನೊಂದು ಹೊರಗಿನಿಂದ ಎಳೆದು ತೆಳ್ಳಗಾಗಿಸುತ್ತದೆ. ತಗ್ಗು ಸ್ವರಕ್ಕೆ ಮೊದಲನೆಯದರ ಕೈ ಮೇಲಾಗಬೇಕು, ಎತ್ತರದ ಸ್ವರಕ್ಕೆ ಎರಡನೆಯದರದು. ನುರಿತ ಹಾಡುಗಾರರಲ್ಲಿ ಒಂದರಿಂದ ಇನ್ನೊಂದಕ್ಕೆ ಅಧಿಕಾರ ದಾಟಿದ್ದು ಗೊತ್ತೇ ಆಗುವುದಿಲ್ಲ. ಎಂಟು ಹತ್ತು ವರ್ಷಗಳ ಮಾತು, ಹಾಡುಗಳಿಂದ ಮಗುವಿನ ಮಿದುಳು ಯಾವ ಸ್ವರಕ್ಕೆ ಯಾವ ಸ್ನಾಯುವನ್ನು ಎಷ್ಟು ಬಿಗಿಯಬೇಕು ಎಂಬುದನ್ನು ಕರಗತ ಮಾಡಿಕೊಂಡಿರುತ್ತದೆ.

ಆ ಲೆಕ್ಕ ಹಳೆಯ ಅಳತೆಯ ಗಂಟಲಿನದು. ವೀಣೆಯ ಮೆಟ್ಟಿಲುಗಳನ್ನು ಯಾರೋ ರಾತ್ರೋರಾತ್ರಿ ಒಂದೊಂದು ಎಳೆಯಷ್ಟು ಸರಿಸುತ್ತಾ, ತಂತಿಗಳನ್ನೂ ದಪ್ಪ ಮಾಡುತ್ತಾ ಹೋದರೆ ವೈಣಿಕನ ಗತಿ ಏನು? ಬೆರಳು ಕಲಿತ ಜಾಗಕ್ಕೇ ಹೋಗುತ್ತದೆ, ಸ್ವರ ಮಾತ್ರ ಅಲ್ಲಿಲ್ಲ. ಹದಿಮೂರರ ಹುಡುಗನ ಪಾಡು ಇದೇ. ಅವನ ಕಿವಿ ಚೆನ್ನಾಗಿದೆ, ಶ್ರುತಿಜ್ಞಾನ ಎಲ್ಲಿಗೂ ಹೋಗಿಲ್ಲ; ಅಪಸ್ವರ ಬಂದಾಗ ಎಲ್ಲರಿಗಿಂತ ಮೊದಲು ಅವನ ಮುಖವೇ ಸಪ್ಪಗಾಗುವುದು ಅದಕ್ಕೆ. ಬೆಳೆಯುತ್ತಿರುವ ಸ್ನಾಯುಗಳ ನಡುವೆ ಅಧಿಕಾರ ನಯವಾಗಿ ದಾಟದೆ ಧುತ್ತೆಂದು ಕೈಬದಲಾಗುತ್ತದೆ, ಆಗ ದನಿ ಕೀರಲು ದನಿಗೆ ಹಾರುತ್ತದೆ.

ಅಮೆರಿಕದ ಸಂಗೀತ ಶಿಕ್ಷಣತಜ್ಞ ಜಾನ್ ಕುಕ್ಸಿ 1970ರ ದಶಕದಲ್ಲಿ ಈ ಬದಲಾವಣೆಯನ್ನು ಹಂತಹಂತವಾಗಿ ಗುರುತಿಸಿದರು. ಅವರ ಪ್ರಕಾರ ಇದು ಗೊತ್ತುಗುರಿಯಿಲ್ಲದ ಗೊಂದಲವಲ್ಲ, ಇದಕ್ಕೊಂದು ಕ್ರಮವಿದೆ. ಬದಲಾವಣೆ ಶುರುವಾಗುವ ಸ್ವಲ್ಪ ಮೊದಲು ಬಾಲಕನ ದನಿ ತನ್ನ ಅತ್ಯುತ್ತಮ ಸ್ಥಿತಿಯಲ್ಲಿರುತ್ತದೆ, ಆದ್ದರಿಂದಲೇ ಮುಂದಿನದು ಇನ್ನೂ ದೊಡ್ಡ ಆಘಾತವಾಗಿ ಕಾಣುತ್ತದೆ. ಮೊದಲು ಕೈಬಿಡುವುದು ಮೇಲಿನ ಸ್ವರಗಳು; ಆಗ ಕೆಳಗಿನವು ಇನ್ನೂ ಹೆಚ್ಚೇನೂ ಬದಲಾಗಿರುವುದಿಲ್ಲ. ಮೇಲೆ ಕಳೆದುಕೊಂಡು ಕೆಳಗೆ ಗಳಿಸದ ಈ ನಡುಗಾಲದಲ್ಲಿ ಸಲೀಸಾಗಿ ಹಾಡಬಹುದಾದ ವ್ಯಾಪ್ತಿ ತೀರಾ ಕಿರಿದಾಗುತ್ತದೆ. ಕೆಲವರಿಗೆ ಮಧ್ಯದಲ್ಲಿಯೇ ಒಂದೆರಡು ಸ್ವರಗಳು ಹೊರಡುವುದೇ ಇಲ್ಲ, ಬಾಯಿ ತೆರೆದರೆ ಬರಿಯ ಗಾಳಿ. ಆಮೇಲೆ ಮಂದ್ರದ ಸ್ವರಗಳು ಒಂದೊಂದಾಗಿ ಸೇರಿಕೊಂಡು ಹೊಸ ದನಿ ನೆಲೆಗೊಳ್ಳುತ್ತದೆ. ಜೋರಾದ ಏರುಪೇರು ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ಅಡಗುತ್ತದೆ. ಕೆಲವರಿಗೆ ತಿಂಗಳುಗಳಲ್ಲಿ ಮುಗಿಯುವುದೂ ಉಂಟು.

ಹುಡುಗಿಯರ ದನಿಯ ಕಥೆ

ದನಿಯ ಬದಲಾವಣೆ ಗಂಡುಮಕ್ಕಳ ವಿಷಯ ಮಾತ್ರ ಎಂಬ ನಂಬಿಕೆಯಿಂದ ಹುಡುಗಿಯರಿಗೆ ಅನ್ಯಾಯವಾಗಿದೆ. ಅವರ ಮಾತಿನ ದನಿಯೂ ಎರಡರಿಂದ ನಾಲ್ಕು ಸ್ವರಸ್ಥಾನ ಇಳಿಯುತ್ತದೆ. ಇಳಿತ ಸಣ್ಣದಾದ್ದರಿಂದ ಯಾರೂ ಗಮನಿಸುವುದಿಲ್ಲ, ಹಾಡುವವಳಿಗೆ ಮಾತ್ರ ಗೊತ್ತಾಗುತ್ತದೆ. ಕುಕ್ಸಿ ಹುಡುಗರಿಗೆ ಮಾಡಿದ ಕೆಲಸವನ್ನು 1980ರ ದಶಕದಲ್ಲಿ ಲಿನ್ ಗ್ಯಾಕಲ್ ಎಂಬ ಸಂಶೋಧಕಿ ಹುಡುಗಿಯರಿಗೂ ಮಾಡುವವರೆಗೆ ಇದರ ಕಡೆ ಹೆಚ್ಚಿನ ಗಮನ ಹರಿದಿರಲಿಲ್ಲ.

ಹನ್ನೊಂದು ಹನ್ನೆರಡರ ಸುಮಾರಿಗೆ ಶುರುವಾಗುವ ಈ ಬದಲಾವಣೆಯಲ್ಲಿ ಎದ್ದು ಕಾಣುವ ಲಕ್ಷಣ ದನಿಯಲ್ಲಿ ಗಾಳಿ ಬೆರೆಯುವುದು. ಧ್ವನಿಪೆಟ್ಟಿಗೆ ಬೆಳೆಯುವ ವೇಗಕ್ಕೆ, ತಂತುಗಳನ್ನು ಹಿಂದಿನಿಂದ ಕೂಡಿಸುವ ಸ್ನಾಯುಗಳ ಬಲ ಸಾಲದೆ ಹಿಂತುದಿಯಲ್ಲಿ ಒಂದು ಸಣ್ಣ ಸಂದು ಉಳಿಯುತ್ತದೆ. ಸರಿಯಾಗಿ ಮುಚ್ಚದ ಕಿಟಕಿಯ ಸಂದಿನಿಂದ ಗಾಳಿ ಸುಂಯ್ಗುಡುವುದಿಲ್ಲವೇ, ಹಾಗೆ. ಉಸಿರು ಬೇಗ ಮುಗಿಯುತ್ತದೆ, ದೀರ್ಘ ಸ್ವರ ನಿಲ್ಲುವುದಿಲ್ಲ, ಮೊದಲು ಎಲ್ಲಿಯೂ ತೊಡಕಿಲ್ಲದೆ ಏರುತ್ತಿದ್ದ ದನಿಗೆ ಮಧ್ಯದಲ್ಲಿ ಒಂದು ಮೆಟ್ಟಿಲು ಸಿಕ್ಕಂತಾಗುತ್ತದೆ. ಮುಟ್ಟಿನ ದಿನಗಳ ಆಚೀಚೆ ಕೆಲವರಿಗೆ ದನಿ ಭಾರವಾದಂತೆ ಅನ್ನಿಸುತ್ತದೆ, ತಂತುಗಳಲ್ಲಿ ನೀರಿನಂಶ ತುಸು ಹೆಚ್ಚಾಗಿ ಊದಿಕೊಳ್ಳುವುದು ಅದಕ್ಕೆ ಕಾರಣ. ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ಗಾಳಿ ಸೋರುವ ದನಿಯನ್ನು ಬಲವಂತವಾಗಿ ‘ತುಂಬಿಸಲು’ ಹೋಗಿ ಗಂಟಲು ಬಿಗಿಯುವುದು. ಹದಿನೈದು ಹದಿನಾರರ ಹೊತ್ತಿಗೆ ಸಂದು ಸಾಮಾನ್ಯವಾಗಿ ತಾನಾಗಿಯೇ ಕಿರಿದಾಗುತ್ತದೆ, ಬಿಗಿಯುವ ಚಾಳಿ ಮಾತ್ರ ಉಳಿದುಬಿಡಬಹುದು.

ಅಂದು ಹದಿನೇಳು, ಇಂದು ಹದಿನಾಲ್ಕು

ದನಿ ಬದಲಾಗುವ ವಯಸ್ಸು ಶತಮಾನಗಳಿಂದ ಒಂದೇ ಆಗಿ ಉಳಿದಿಲ್ಲ. ಹದಿನೆಂಟನೆಯ ಶತಮಾನದ ಮೊದಲ ಅರ್ಧದಲ್ಲಿ, ಸಂಗೀತಗಾರ ಬಾಖ್ ಜರ್ಮನಿಯ ಲೈಪ್ಜಿಗ್‌ನಲ್ಲಿ ಬಾಲಕರ ವೃಂದವನ್ನು ಹಾಡಿಸುತ್ತಿದ್ದ ಕಾಲದ ದಾಖಲೆಗಳನ್ನು ನೋಡಿದರೆ, ಹುಡುಗರು ಹದಿನಾರು ಹದಿನೇಳರವರೆಗೂ ಎಳೆಯ ದನಿಯಲ್ಲಿ ಹಾಡುತ್ತಿದ್ದರೆಂದು ತಿಳಿಯುತ್ತದೆ. 1732ರಲ್ಲಿ ಹುಟ್ಟಿದ ಸಂಗೀತರಚನೆಕಾರ ಹೇಡನ್ ದನಿ ಒಡೆದು ವಿಯೆನ್ನಾದ ವೃಂದದಿಂದ ಹೊರಬಿದ್ದದ್ದು 1749ರಲ್ಲಿ, ಹದಿನೇಳರ ಹತ್ತಿರ. ಇನ್ನೊಬ್ಬ ಸಂಗೀತರಚನೆಕಾರ ಶೂಬರ್ಟ್‌ಗೆ ಅದು ಹದಿನೈದಕ್ಕೇ ಬಂತು. ತಾನು ಹಾಡುತ್ತಿದ್ದ ಸ್ವರಲಿಪಿಯ ಹಾಳೆಯ ಮೇಲೆ ಅವನು ‘ಕೊನೆಯ ಬಾರಿ ಕೂಗಿದ್ದು’ ಎಂದು ಗೀಚಿ 1812ರ ಜುಲೈ 26ರ ದಿನಾಂಕ ಹಾಕಿದ್ದಾನೆ. ಬಳಸಿದ ಪದ ಕೋಳಿಯ ಕೂಗಿನದು. ಆ ವಯಸ್ಸಿನಲ್ಲಿ ತನ್ನ ದನಿಯ ಬಗ್ಗೆ ತಾನೇ ಹೀಗೆ ನಗಲು ಎದೆಗಾರಿಕೆ ಬೇಕು.

ಇತ್ತೀಚಿನ ದಶಕಗಳಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನ ಬಾಲಗಾಯಕರಲ್ಲಿ ಈ ವಯಸ್ಸು ಹದಿನಾಲ್ಕರ ಆಸುಪಾಸು ಕಂಡುಬಂದಿದೆ. ಉತ್ತಮ ಪೋಷಣೆ ಮತ್ತು ಆರೋಗ್ಯದಿಂದ ಮಕ್ಕಳು ಬೇಗ ಪ್ರಾಯಕ್ಕೆ ಬರುತ್ತಿರುವುದು ಇದರ ಮುಖ್ಯ ಕಾರಣ. ಒಂದೇ ತರಗತಿಯ ಇಬ್ಬರ ನಡುವೆಯೂ ಎರಡು ಮೂರು ವರ್ಷಗಳ ಅಂತರ ಸಹಜ.

ಈ ಕಾಲದಲ್ಲಿ ಹಾಡಬಹುದೇ?

ಇದು ಹಳೆಯ ಜಗಳ. 1854ರಲ್ಲಿ ಸಣ್ಣ ಕನ್ನಡಿಯನ್ನು ಬಾಯೊಳಗೆ ಹಿಡಿದು, ಸೂರ್ಯನ ಬೆಳಕಿನಲ್ಲಿ ತನ್ನದೇ ಧ್ವನಿತಂತುಗಳು ಅದುರುವುದನ್ನು ನೋಡಿದ ಗಾಯನಗುರು ಮ್ಯಾನುಯೆಲ್ ಗಾರ್ಸಿಯಾ, ದನಿ ಬದಲಾಗುವಾಗ ಹಾಡುವುದನ್ನು ನಿಲ್ಲಿಸಬೇಕು ಎನ್ನುವ ಪಕ್ಷದವನು. ಅದೇ ಕಾಲದ ಲಂಡನ್ನಿನ ಗಂಟಲು ವೈದ್ಯ ಮೋರೆಲ್ ಮೆಕೆಂಜಿ, ಎಚ್ಚರದಿಂದ ಹಾಡಿದರೆ ಅಡ್ಡಿಯಿಲ್ಲ ಎಂದ. ಇಂದಿನ ಶಿಕ್ಷಕರೂ ಧ್ವನಿತಜ್ಞರೂ ಬಹುಮಟ್ಟಿಗೆ ಮೆಕೆಂಜಿಯ ಕಡೆ ವಾಲುತ್ತಾರೆ. ಕಾಲು ಉದ್ದವಾಗುತ್ತಿದೆ ಎಂದು ಯಾರೂ ನಡೆಯುವುದನ್ನು ಬಿಡುವುದಿಲ್ಲ, ಹಳೆಯ ಚಪ್ಪಲಿಯನ್ನು ಬಿಡುತ್ತಾರೆ.

ಇಲ್ಲಿ ಹಳೆಯ ಚಪ್ಪಲಿ ಎಂದರೆ ಹಳೆಯ ಶ್ರುತಿ. ಹೋದ ವರ್ಷ ಹಾಡಿದ ಶ್ರುತಿಯಲ್ಲಿಯೇ ಹಾಡಬೇಕೆಂದು ಹಟ ಹಿಡಿಯುವುದು ಈ ವಯಸ್ಸಿನವರಿಗೆ ನಾವು ಮಾಡುವ ದೊಡ್ಡ ತಪ್ಪು ಎಂದು ನನ್ನ ಅನಿಸಿಕೆ. ಶ್ರುತಿಯನ್ನು ತಿಂಗಳಿಗೊಮ್ಮೆಯಾದರೂ ಪರೀಕ್ಷಿಸಬೇಕು. ಅದಕ್ಕೆ ಕುಕ್ಸಿ ಒಂದು ಸರಳ ಗುರುತು ಕೊಟ್ಟಿದ್ದಾರೆ. ಸಹಜವಾಗಿ ಮಾತಾಡುವ ದನಿ, ಹಾಡಬಲ್ಲ ಅತಿ ತಗ್ಗಿನ ಸ್ವರಕ್ಕಿಂತ ಸಾಮಾನ್ಯವಾಗಿ ಮೂರು ನಾಲ್ಕು ಸ್ವರಸ್ಥಾನ ಮೇಲಿರುತ್ತದೆ. ಅಂದರೆ ಹುಡುಗ ಮಾತಾಡುವುದನ್ನು ಕಿವಿಗೊಟ್ಟು ಕೇಳಿದರೆ ಅವನ ಗಂಟಲಿನ ನೆಲ ಎಲ್ಲಿದೆ ಎಂದು ತಿಳಿಯುತ್ತದೆ. ಅಲ್ಲಿಂದ ಮೇಲಕ್ಕೆ ಅವನಿಗೆ ಸುಖವಾಗಿರುವಷ್ಟೇ ವ್ಯಾಪ್ತಿಯಲ್ಲಿ ಮಧ್ಯಮ ಗಾತ್ರದ ದನಿಯಲ್ಲಿ ಹಾಡಿಸಬಹುದು. ಮೇಲಿನ ಸ್ವರಗಳಿಗೆ ಹಗುರವಾದ ಕಳ್ಳದನಿಯನ್ನು, ಅಂದರೆ ಸಹಜ ದನಿಗಿಂತ ತೆಳ್ಳಗೆ ಕೀರಲಾಗಿ ಹೊರಡುವ ದನಿಯನ್ನು, ಬಳಸಿದರೆ ದೋಷವಿಲ್ಲ. ಎರಡು ದನಿಗಳ ನಡುವಿನ ದಾರಿಯನ್ನು ಮಿದುಳು ಹೊಸದಾಗಿ ಕಲಿಯುವುದಕ್ಕೆ ಅದೂ ಒಂದು ಅಭ್ಯಾಸ. ನೋವು ಬಂದರೆ, ಹಾಡಿದ ಮೇಲೆ ಮಾತು ಗೊಗ್ಗರಾದರೆ ಅಂದಿಗೆ ನಿಲ್ಲಿಸಬೇಕು. ತಾಳ, ಲಯ, ಸಾಹಿತ್ಯ, ಕೇಳ್ಮೆಗಳಿಗೆ ಗಂಟಲಿನ ಅಪ್ಪಣೆ ಬೇಕಿಲ್ಲವಾದ್ದರಿಂದ ಆ ಪಾಠಗಳು ಎಂದಿನಂತೆ ಸಾಗಬಹುದು.

ಕಂಠ ಸರಿಮಾಡುತ್ತದೆಂದು ಕುಡಿಸುವ ಕಷಾಯಗಳ ಬಗ್ಗೆ ಒಂದು ಮಾತು. ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳಿರುವುದು ಶ್ವಾಸನಾಳದ ಬಾಯಲ್ಲಿ. ಕುಡಿದದ್ದು ಅವುಗಳನ್ನು ಮುಟ್ಟಿದರೆ ಕೆಮ್ಮು ಒತ್ತರಿಸಿ ಬರುತ್ತದೆ. ಬಿಸಿ ಪಾನೀಯದಿಂದ ಗಂಟಲಿಗೆ ಹಿತವೆನಿಸಬಹುದು, ಬೆಳವಣಿಗೆಯನ್ನು ಅದು ಮುಂದೂಡದು, ಬೇಗ ಮುಗಿಸಲೂ ಆರದು. ದಿನವಿಡೀ ಸಾಕಷ್ಟು ನೀರು ಕುಡಿದು, ಕಿರಿಚಾಟ ಕಡಿಮೆ ಮಾಡುವುದು ಹೆಚ್ಚು ಉಪಯೋಗದ ಕೆಲಸ.

ವೈದ್ಯರಿಗೆ ತೋರಿಸಬೇಕಾದದ್ದು ಯಾವಾಗ?

ಶೀತ, ಕೆಮ್ಮು ಇಲ್ಲದೆಯೂ ಗೊಗ್ಗರು ದನಿ ಮೂರು ವಾರ ದಾಟಿದರೆ, ಮಾತಾಡುವಾಗ ನೋವಿದ್ದರೆ, ದನಿ ಪೂರ್ತಿ ನಿಂತುಹೋದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು. ಅತಿಯಾಗಿ ಕೂಗಾಡುವುದರಿಂದ ತಂತುಗಳ ಅಂಚಿನಲ್ಲಿ ಸಣ್ಣ ಗಂಟುಗಳು ಏಳುವುದುಂಟು, ಅದು ಬೆಳವಣಿಗೆಯ ಭಾಗವಲ್ಲ. ಹದಿನಾಲ್ಕು ಕಳೆದರೂ ಹುಡುಗನ ದನಿ ಬದಲಾಗದೆ, ಪ್ರಾಯದ ಬೇರೆ ಲಕ್ಷಣಗಳೂ ಕಾಣದಿದ್ದರೆ ಹಾರ್ಮೋನಿನ ಪರೀಕ್ಷೆ ಬೇಕಾಗಬಹುದು.

ಇನ್ನು ಕೆಲವು ಹುಡುಗರಲ್ಲಿ ಮೀಸೆ ಬಂದಿರುತ್ತದೆ, ಧ್ವನಿಪೆಟ್ಟಿಗೆಯೂ ಬೆಳೆದಿರುತ್ತದೆ, ಮಾತು ಮಾತ್ರ ಬಾಲ್ಯದ ಕೀರಲಿನಲ್ಲಿಯೇ ನಿಂತಿರುತ್ತದೆ. ಹೊಸ ವಾದ್ಯ ಮನೆಗೆ ಬಂದರೂ ಹಳೆಯ ವಾದ್ಯದ ರೀತಿಯಲ್ಲಿಯೇ ನುಡಿಸುತ್ತಿರುವ ಸ್ಥಿತಿ ಇದು. ಇಂಥವರು ಕೆಮ್ಮಿದಾಗ ಗಂಡು ದನಿ ಸ್ಪಷ್ಟವಾಗಿ ಕೇಳಿಸುತ್ತದೆ, ಚಿಕಿತ್ಸಕರು ಆ ಕೆಮ್ಮಿನಿಂದಲೇ ಪಾಠ ಶುರುಮಾಡುವುದೂ ಉಂಟು. ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ, ವಾಕ್-ಚಿಕಿತ್ಸಕರು ಹೇಳಿಕೊಡುವ ಅಭ್ಯಾಸಗಳೇ ಸಾಕಾಗುತ್ತವೆ. ವರ್ಷಗಟ್ಟಲೆ ಅಣಕಕ್ಕೆ ಸಿಕ್ಕು, ಬಾಯಿ ಬಿಡುವುದನ್ನೇ ಕಡಿಮೆ ಮಾಡಿಕೊಂಡವರಿಗೆ ಈ ಸಂಗತಿ ಬೇಗ ತಿಳಿಯಬೇಕಿತ್ತು.

ಇಪ್ಪತ್ತರ ಆಚೆ

ಹದಿನೇಳಕ್ಕೆ ದನಿ ‘ನಿಂತಿತು’ ಎಂದರೆ ಅದರ ಎತ್ತರ ನಿಂತಿತು ಎಂದಷ್ಟೇ ಅರ್ಥ. ಹುಟ್ಟಿದ ಮಗುವಿನ ಧ್ವನಿತಂತುವಿನಲ್ಲಿ ಚರ್ಮದ ಕೆಳಗಿನ ಜೆಲ್ಲಿಯಂಥ ಭಾಗ ಒಂದೇ ಮುದ್ದೆ. ದೊಡ್ಡವರಲ್ಲಿ ಅದು ಬೇರೆ ಬೇರೆ ಬಿಗುವಿನ ಮೂರು ಪದರಗಳಾಗಿರುತ್ತದೆ. ಈ ವಿಂಗಡಣೆ ಪೂರ್ತಿಯಾಗುವುದು ಹದಿಹರೆಯದಲ್ಲಿ. ದನಿಯ ನಯ, ಗಟ್ಟಿತನ, ಒಂದೇ ಸ್ವರವನ್ನು ಹತ್ತು ಬಣ್ಣಗಳಲ್ಲಿ ತೋರಿಸುವ ಶಕ್ತಿ ಈ ಪದರಗಳಿಂದ ಬರುತ್ತದೆ. ಎದೆಗೂಡು ಬಲಿತು ಉಸಿರಿನ ಹಿಡಿತ ಕೈಗೂಡಲು ಇನ್ನೂ ಕೆಲವು ವರ್ಷ ಬೇಕು. ಇಪ್ಪತ್ತರ ದಶಕದಲ್ಲಿ ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳು ನಿಧಾನವಾಗಿ ಗಟ್ಟಿಯಾಗತೊಡಗುತ್ತವೆ. ಮೈಕ್ ಇಲ್ಲದೆ ದೊಡ್ಡ ರಂಗಮಂದಿರವನ್ನು ತುಂಬಬೇಕಾದ ಆಪೆರಾ ಹಾಡುಗಾರರಲ್ಲಿ ಭಾರಿ ದನಿಯವರು ಪಕ್ವವಾಗುವುದು ಮೂವತ್ತರ ಹತ್ತಿರ ಅಥವಾ ಅದರ ನಂತರ. ಹದಿನೈದರ ಹುಡುಗನ ಹೊಸ ದನಿ ಕೇಳಿ ‘ಇವನದು ಇಂಥ ಕಂಠ’ ಎಂದು ಈಗಲೇ ಹಣೆಪಟ್ಟಿ ಹಚ್ಚುವುದು ಅವಸರದ ಮಾತು.

ಬದಲಾವಣೆ ಅಲ್ಲಿಗೂ ನಿಲ್ಲುವುದಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ದನಿ ತುಸು ತಗ್ಗುತ್ತದೆ. ಇಳಿವಯಸ್ಸಿನಲ್ಲಿ ತಂತುಗಳ ಸ್ನಾಯು ಸೊರಗಿ ತೆಳುವಾಗುವುದರಿಂದ ಗಂಡಸರ ದನಿ ತುಸು ಏರುತ್ತದೆ. ಹದಿಮೂರರಲ್ಲಿ ಒಂದು ಸ್ಥಾಯಿಯಷ್ಟು ದೂರ ಸರಿಯಲು ಹೊರಟ ಆ ತಮ್ಮ, ಅವನ ಅಕ್ಕ ಎಪ್ಪತ್ತು ದಾಟಿದ ಮೇಲೆ ಜೊತೆಗೆ ಕುಳಿತು ಹಾಡಿದರೆ, ಇಬ್ಬರಿಗೂ ಹೊಂದುವ ಶ್ರುತಿ ಹುಡುಕುವುದು ನಡುವಯಸ್ಸಿನಲ್ಲಿದ್ದದ್ದಕ್ಕಿಂತ ಸ್ವಲ್ಪ ಸುಲಭವಾಗಿರುತ್ತದೆ.